ರಕ್ತದ ಮಾತ್ರೆ ನುಂಗಿದರೂ ಎಚ್‌ಬಿ ಏರುತ್ತಿಲ್ವಾ? ಬಸುರಿಗೂ ಬಾಣಂತಿಗೂ ಹಂತ ಹಂತದ ಮಾರ್ಗದರ್ಶಿ

ನಮ್ಮ ಚಿಂತಾಮಣಿ ಕಡೆ ಯಾವ ಬಸುರಿಯನ್ನು ಮಾತಾಡಿಸಿದರೂ ಒಂದು ಮಾತು ಬಂದೇ ಬರುತ್ತದೆ. "ಮೂರು ತಿಂಗಳಿಂದ ಮಾತ್ರೆ ನುಂಗ್ತಾ ಇದೀನಿ ಅಕ್ಕಾ, ಆದ್ರೂ ರಕ್ತ ಕಮ್ಮೀನೇ ಅಂತಾರೆ." ನಾನೂ ಹೀಗೇ ಹೇಳಿಕೊಂಡು ಓಡಾಡಿದವಳು. ಐದನೇ ತಿಂಗಳಲ್ಲಿ 8.6 ಇದ್ದ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಏಳನೇ ತಿಂಗಳಲ್ಲಿ 8.4 ಆಗಿತ್ತು. ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಆಮೇಲೆ ಒಬ್ಬರು ನರ್ಸಮ್ಮ ಪಕ್ಕಕ್ಕೆ ಕೂರಿಸಿಕೊಂಡು, "ಎಷ್ಟು ಹೊತ್ತಿಗೆ ನುಂಗ್ತೀಯಾ, ಯಾವುದರಲ್ಲಿ ನುಂಗ್ತೀಯಾ" ಅಂತ ಕೇಳಿದಾಗ ಗೊತ್ತಾಯಿತು. ರಾತ್ರಿ ಊಟ ಆದ ಕೂಡಲೇ ಅತ್ತೆ ದೊಡ್ಡ ಲೋಟದಲ್ಲಿ ಹಾಲು ತಂದು ಕೊಡುತ್ತಿದ್ದರು, ನಾನು ಕ್ಯಾಲ್ಸಿಯಂನ ಬಿಳಿ ಮಾತ್ರೆ, ಕಬ್ಬಿಣದ ಕೆಂಪು ಮಾತ್ರೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಅದೇ ಹಾಲು ಕುಡಿದು ಮಲಗುತ್ತಿದ್ದೆ. ಎರಡು ತಿಂಗಳ ಮಾತ್ರೆ ಹೊಟ್ಟೆಗೆ ಹೋಯಿತು, ರಕ್ತಕ್ಕೆ ಹೋಗಲಿಲ್ಲ.

ಮಾತ್ರೆ ಒಳ್ಳೆಯದೇ. ನುಂಗುವ ಹೊತ್ತು, ಜೊತೆಗೆ ತಿನ್ನುವುದು, ಮಧ್ಯದಲ್ಲಿ ಬಿಡುವುದು, ಎಡವಟ್ಟು ಇರುವುದು ಇವುಗಳಲ್ಲಿ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಕ್ರಮವಾಗಿ ಬರೆಯುತ್ತಿದ್ದೇನೆ. ದಿನಕ್ಕೆ ಎಷ್ಟು ಮಾತ್ರೆ ಅನ್ನೋದನ್ನು ಮಾತ್ರ ನಿಮ್ಮನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವಳು ನುಂಗುವಷ್ಟು ನೀವೂ ನುಂಗಬೇಡಿ.

## ಶುರು ಮಾಡುವ ಮುಂಚೆ ಇವು ಕೈಗೆ ಸಿಗುವಂತಿರಲಿ

ತಾಯಿ ಕಾರ್ಡ್. ಒಂದು ಗೋಡೆ ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು (ಕಟ್ಟದಿದ್ದರೆ ಮೂರೇ ದಿನಕ್ಕೆ ಪೆನ್ನು ಮಾಯ). ಮುಚ್ಚಳ ಗಟ್ಟಿಯಿರುವ ಎರಡು ಡಬ್ಬಿ. ನಿಂಬೆಹಣ್ಣು ಅಥವಾ ನೆಲ್ಲಿಕಾಯಿ. ಅಲಾರಂ ಇಡಲು ಫೋನ್.

ಇನ್ನೊಂದು ಕೆಲಸ ಇದೆ. ಮನೆಯಲ್ಲಿ ನೀವು ನುಂಗುತ್ತಿರುವ ಬೇರೆ ಎಲ್ಲಾ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ. ಗ್ಯಾಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ಯಾರೋ ಕೊಟ್ಟ ಟಾನಿಕ್, ಎಲ್ಲಾ. ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ನಿಮ್ಮ ಎಚ್‌ಬಿ ಎಷ್ಟು ಅಂತ ತಿಳಿದು ಬರೆದಿಟ್ಟುಕೊಳ್ಳಿ

"ಸ್ವಲ್ಪ ಕಮ್ಮಿ ಇದೆಯಂತೆ" ಅನ್ನೋದು ಲೆಕ್ಕ ಅಲ್ಲ. ಅಂಕಿ ಕೇಳಿ. ಬಸುರಿಗೆ ಎಚ್‌ಬಿ 11 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ. 10ರಿಂದ 10.9ರವರೆಗೆ ಸ್ವಲ್ಪ ಕಮ್ಮಿ. 7ರಿಂದ 9.9ರವರೆಗೆ ಮಧ್ಯಮ. 7ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ, ಅದು ಮನೆಯಲ್ಲಿ ಮಾತ್ರೆ ನುಂಗಿಕೊಂಡು ಕೂರುವ ವಿಷಯವೇ ಅಲ್ಲ, ಅವತ್ತೇ ದೊಡ್ಡಾಸ್ಪತ್ರೆಗೆ ಹೊರಡಬೇಕು. 5ಕ್ಕಿಂತ ಕಮ್ಮಿ ಇದ್ದರೆ ಎಷ್ಟನೇ ತಿಂಗಳೇ ಆಗಲಿ ಅಡ್ಮಿಟ್ ಮಾಡಿ ರಕ್ತ ಕೊಡುತ್ತಾರೆ.

ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಎಚ್‌ಬಿ ಸರಿಯಿದ್ದವರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದು. ಕಮ್ಮಿ ಇದ್ದವರಿಗೆ ಸಾಮಾನ್ಯವಾಗಿ ಎರಡು ಬರೆಯುತ್ತಾರೆ. ಮೊದಲ ಮೂರು ತಿಂಗಳು ಬರೀ ಫೋಲಿಕ್ ಆಸಿಡ್ ಸಾಕು, ವಾಂತಿಯ ಕಾಲದಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರೆ ಇನ್ನೂ ತೊಳಸುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಒಂದು ಸಲ ಉಪಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುವುದು, ಮುಂದಿನ ಸಲ ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆಸುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಅನ್ನುವುದು. ಬೆರಳನ್ನು ಹಿಂಡಿ ಹಿಂಡಿ ತೆಗೆದರೆ ರಕ್ತದ ಜೊತೆ ನೀರಿನಂಶವೂ ಬಂದು ಅಂಕಿ ಕೆಳಗೆ ತೋರಿಸಬಹುದು. ಪ್ರತಿ ಸಲವೂ ಒಂದೇ ರೀತಿ, ಸಾಧ್ಯವಾದರೆ ಒಂದೇ ಕಡೆ ಮಾಡಿಸಿ. ಸಂಶಯ ಬಂದರೆ ಲ್ಯಾಬಿನ ಸಿಬಿಸಿ (ರಕ್ತದ ಪೂರ್ತಿ ಎಣಿಕೆ) ಟೆಸ್ಟನ್ನೇ ನಂಬಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅವತ್ತು ಡಾಕ್ಟರೂ ಸಿಗುತ್ತಾರೆ, ಟೆಸ್ಟೂ ಆಗುತ್ತದೆ. ರಶ್ ಇರುತ್ತದೆ, ತಿಂಡಿ ತಿಂದುಕೊಂಡೇ ಹೋಗಿ.

ಕೆಳರೆಪ್ಪೆ ಎಳೆದು ನೋಡಿ "ಕೆಂಪಗೇ ಇದೆ ಬಿಡು" ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಪ್ರೀತಿಯಿಂದಲೇ ನೋಡುತ್ತಾರೆ. ಆದರೆ 9ಕ್ಕೂ 11ಕ್ಕೂ ಇರುವ ವ್ಯತ್ಯಾಸ ರೆಪ್ಪೆಯಲ್ಲಿ ಕಾಣುವುದಿಲ್ಲ.

## ಹಂತ 2: ಕೆಂಪು ಮಾತ್ರೆ, ಬಿಳಿ ಮಾತ್ರೆ ಬೇರೆ ಬೇರೆ ಡಬ್ಬಿಗೆ

ನಾಲ್ಕನೇ ತಿಂಗಳಿಂದ ಎರಡು ಬಗೆ ಮಾತ್ರೆ ಕೊಡುತ್ತಾರೆ. ಕೆಂಪು ಕಬ್ಬಿಣದ್ದು, ಇನ್ನೊಂದು ಕ್ಯಾಲ್ಸಿಯಂ. ಕ್ಯಾಲ್ಸಿಯಂ ದಿನಕ್ಕೆ ಎರಡು, ಒಂದೊಂದರಲ್ಲಿ 500 ಮಿ.ಗ್ರಾಂ. ಎರಡನ್ನೂ ಒಂದೇ ಕವರಲ್ಲಿ ಹಾಕಿ ಕೈಗೆ ಕೊಡುವುದರಿಂದ ಒಟ್ಟಿಗೆ ನುಂಗಬೇಕು ಅಂತ ಅಂದುಕೊಳ್ಳುವುದು ಸಹಜ. ಒಟ್ಟಿಗೆ ಹೋದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಕರುಳು ಹೀರಿಕೊಳ್ಳದ ಹಾಗೆ ತಡೆಯುತ್ತದೆ. ಕಮ್ಮಿ ಅಂದರೂ ಎರಡು ಗಂಟೆ ಅಂತರ ಬೇಕು.

ಹಾಗಾಗಿ ಇವತ್ತೇ ಎರಡು ಡಬ್ಬಿ ಮಾಡಿ. ಕ್ಯಾಲ್ಸಿಯಂ ಡಬ್ಬಿ ಅಡುಗೆಮನೆಯಲ್ಲಿ, ತಟ್ಟೆ ಲೋಟದ ಹತ್ತಿರ, ಯಾಕೆಂದರೆ ಅದನ್ನು ಊಟದ ಜೊತೆ ನುಂಗಬೇಕು. ಕಬ್ಬಿಣದ ಡಬ್ಬಿ ಅಡುಗೆಮನೆಯಿಂದ ಹೊರಗೆ, ನೀವು ಮಲಗುವ ಕೋಣೆಯ ಎತ್ತರದ ಶೆಲ್ಫಲ್ಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಸುರಿದಿಡಬೇಡಿ, ತೇವ ಕುಡಿದು ಮೇಲಿನ ಬಣ್ಣದ ಪದರ ಬಿರಿಯುತ್ತದೆ. ಎಕ್ಸ್‌ಪೈರಿ ತಾರೀಖು ನೋಡಿ.

ಥೈರಾಯ್ಡ್ ಮಾತ್ರೆ ಇದ್ದವರಿಗೆ ಅದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್, ಕಬ್ಬಿಣ ರಾತ್ರಿಗೆ ಇಟ್ಟುಕೊಂಡರೆ ಗೊಂದಲವೇ ಇಲ್ಲ.

## ಹಂತ 3: ಹೊತ್ತು ಗೊತ್ತು ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಕಬ್ಬಿಣದ ಮಾತ್ರೆಗೆ ಖಾಲಿ ಹೊಟ್ಟೆ ಇಷ್ಟ. ಅಂದರೆ ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟ ಆಗಿ ಎರಡು ಗಂಟೆ ಬಿಟ್ಟು. ಹುಳಿ ಇಷ್ಟ. ಹಾಲು, ಮೊಸರು, ಕಾಫಿ, ಟೀ ಕಂಡರೆ ಆಗದು. ಕಾಫಿ ಕುಡಿದ ಮೇಲೆ ಕಮ್ಮಿ ಅಂದರೂ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಬಿಡಿ. ನುಂಗಿದ ಮೇಲೂ ಅಷ್ಟೇ.

ನಮ್ಮ ಕಡೆಯ ಮನೆಗಳ ದಿನಚರಿಗೆ ಇದನ್ನು ಹೀಗೆ ಕೂರಿಸಬಹುದು. ಬೆಳಿಗ್ಗೆ 8.30ಕ್ಕೆ ತಿಂಡಿ, ತಿಂಡಿಯ ಜೊತೆ ಮೊದಲ ಕ್ಯಾಲ್ಸಿಯಂ. 11 ಗಂಟೆಗೆ ಕಬ್ಬಿಣದ ಮಾತ್ರೆ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಮಧ್ಯಾಹ್ನ 1.30ಕ್ಕೆ ಮುದ್ದೆ ಊಟ, ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ಸಂಜೆ ನಾಲ್ಕಕ್ಕೆ ನಿಮ್ಮ ಒಂದು ಲೋಟ ಕಾಫಿ ಕುಡಿಯಿರಿ, ನಾನೇನೂ ಅದನ್ನು ಕಿತ್ತುಕೊಳ್ಳುವುದಿಲ್ಲ. ರಾತ್ರಿ ಎಂಟರೊಳಗೆ ಊಟ. ದಿನಕ್ಕೆ ಎರಡು ಕಬ್ಬಿಣ ಬರೆದಿದ್ದರೆ ಎರಡನೆಯದು ರಾತ್ರಿ 10ಕ್ಕೆ, ಮಲಗುವ ಮುಂಚೆ, ಬರೀ ನೀರಲ್ಲಿ. ರಾತ್ರಿ ಹಾಲು ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಊಟದ ಜೊತೆಗೇ ಮುಗಿಸಿ, ಇಲ್ಲ ತಿಂಡಿ ಹೊತ್ತಿಗೆ ಸರಿಸಿ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಬಸ್ ಹತ್ತುವವರಿಗೆ 11 ಗಂಟೆ ಲೈನ್ ಮೇಲಿರುವ ಹೊತ್ತು. ಒಂದೇ ಮಾತ್ರೆ ಆದರೆ ಅವರಿಗೆ ರಾತ್ರಿಯದೇ ಸರಿ. ಎರಡು ಇದ್ದರೆ ಒಂದನ್ನು ಬೆಳಿಗ್ಗೆ ಎದ್ದ ಕೂಡಲೇ ನುಂಗಿ, ಕಾಫಿಯನ್ನು ಫ್ಯಾಕ್ಟರಿಯ ಟೀ ಬ್ರೇಕಿಗೆ ತಳ್ಳಿ.

ಇನ್ನು ರೇಷ್ಮೆ ಮನೆಗಳು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯವರಿಗೆ ಹೇಳಲೇಬೇಕಿಲ್ಲ, ಹುಳ ಹಣ್ಣಾಗುವ ಹೊತ್ತಿಗೆ ಮನೆಯಲ್ಲಿ ಯಾರಿಗೂ ಊಟದ ನೆನಪೇ ಇರುವುದಿಲ್ಲ. ಸೊಪ್ಪು ತರುವುದು, ಹುಳ ಆರಿಸುವುದು, ಚಂದ್ರಿಕೆಗೆ ಬಿಡುವುದು, ಬಸುರಿಯೂ ಜೊತೆಗೆ ಕೈ ಹಾಕಿರುತ್ತಾಳೆ. ನಾಲ್ಕೈದು ದಿನ ಮಾತ್ರೆ ಹೋಯಿತು. ಪ್ರತಿ ಬೆಳೆಗೂ ಹೀಗೆ ನಾಲ್ಕೈದು ದಿನ ಹೋದರೆ ಹೆರಿಗೆ ಹೊತ್ತಿಗೆ ಎಷ್ಟು ಹೋಯಿತು ಲೆಕ್ಕ ಹಾಕಿ. ಆ ವಾರಕ್ಕೆ ಮಾತ್ರ ಒಂದು ಸ್ಟ್ರಿಪ್ ಸೆರಗಿನ ತುದಿಯಲ್ಲೋ ಗಂಡನ ಜೇಬಲ್ಲೋ ಇರಲಿ, ಗಂಡನ ಫೋನಲ್ಲಿ ಅಲಾರಂ ಇಡಿ. ಅವನು ಮರೆತರೆ ಬೈಯಲಿಕ್ಕೂ ಆಗುತ್ತದೆ.

ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಆಗಲೇ, ಸಂಜೆಗೆ ಅಂತ ಇಟ್ಟುಕೊಳ್ಳಬೇಡಿ. ಒಂದು ದಿನ ತಪ್ಪಿದರೆ ಮರುದಿನ ಡಬಲ್ ನುಂಗಬೇಡಿ, ಹೊಟ್ಟೆ ಕೆಡುತ್ತದೆ ಅಷ್ಟೇ, ರಕ್ತ ಡಬಲ್ ಆಗುವುದಿಲ್ಲ.

## ಹಂತ 4: ಹೊಟ್ಟೆ ತೊಳಸಿದರೆ ಬಿಡಬೇಡಿ, ಬದಲಾಯಿಸಿ

ಮಾತ್ರೆ ಶುರು ಮಾಡಿದ ವಾರದೊಳಗೆ ಅರ್ಧ ಜನ ನಿಲ್ಲಿಸುವುದು ಇಲ್ಲೇ ಅಂತ ನನ್ನ ಅಂದಾಜು. ಬಾಯಲ್ಲಿ ಕಬ್ಬಿಣದ ರುಚಿ, ಎದೆಯುರಿ, ಮಲಬದ್ಧತೆ, ಕಪ್ಪು ಮಲ. ಮಲ ಕಪ್ಪಗಾಗುವುದನ್ನು ನೋಡಿ ಹೆದರುತ್ತಾರೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವುದು ಹಾಗೆಯೇ, ಗಾಬರಿ ಬೇಡ. ಆದರೆ ಮಲ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದು, ಹೊಟ್ಟೆನೋವೂ ಇದ್ದರೆ ತೋರಿಸಿ.

ತೊಳಸುವುದಾದರೆ ಕ್ರಮವಾಗಿ ಹೀಗೆ ಮಾಡಿ. ಮೊದಲು ರಾತ್ರಿ ಮಲಗುವ ಹೊತ್ತಿಗೆ ಬದಲಾಯಿಸಿ, ನಿದ್ದೆಯಲ್ಲಿ ತೊಳಸಿದ್ದು ಗೊತ್ತಾಗುವುದಿಲ್ಲ. ಅದಕ್ಕೂ ಆಗದಿದ್ದರೆ ಊಟ ಆದ ಮೇಲೆ ನುಂಗಿ, ಹೀರಿಕೊಳ್ಳುವುದು ಸ್ವಲ್ಪ ಕಮ್ಮಿಯಾದರೂ ಪೂರ್ತಿ ಬಿಡುವುದಕ್ಕಿಂತ ಎಷ್ಟೋ ಮೇಲು. ಅದೂ ಆಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಬಗೆಯ ಕಬ್ಬಿಣದ ಮಾತ್ರೆಗಳಿವೆ. ಸುಮ್ನೆ ಡ್ರಾಯರಿನಲ್ಲಿ ತಳ್ಳಿ, ಕೇಳಿದಾಗ "ನುಂಗ್ತಾ ಇದೀನಿ ಮೇಡಂ" ಅನ್ನುವುದು ಬೇಡ. ನೀವು ನುಂಗುತ್ತಿದ್ದೀರಿ ಅಂದುಕೊಂಡೇ ಅವರು ಮುಂದಿನ ಲೆಕ್ಕ ಹಾಕುತ್ತಾರೆ.

ಎದೆಯುರಿ ಅಂತ ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ದಿನಾ ನುಂಗುವವರೇ ಜಾಸ್ತಿ. ಕಬ್ಬಿಣ ಕರಗಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಒಂದು ಕಡೆ ಕಟ್ಟೆ ಕಟ್ಟಿ ಇನ್ನೊಂದು ಕಡೆ ಒಡೆದ ಹಾಗಾಯಿತು. ಆ ಕವರು ಡಾಕ್ಟರ ಮುಂದೆ ಸುರಿಯಿರಿ ಅಂದದ್ದು ಇದಕ್ಕೇ.

ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ. ಸ್ವಲ್ಪ ಓಡಾಟ.

ಮತ್ತೆ, ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ. ಕೇಸರಿ ಹಾಲಿಗೆ ನೂರಾರು ರೂಪಾಯಿ ಸುರಿದು ಪುಕ್ಕಟೆ ಸಿಗುವ ಮಾತ್ರೆಯನ್ನು ತಿಪ್ಪೆಗೆ ಎಸೆಯುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

## ಹಂತ 5: ತಟ್ಟೆಯನ್ನು ಸ್ವಲ್ಪ ತಿರುಗಿಸಿ

ಊಟದಿಂದಲೇ ಏರಿಸುತ್ತೇನೆ, ಮಾತ್ರೆ ಬೇಡ ಅನ್ನುವವರಿಗೆ ಮೊದಲೇ ಹೇಳುತ್ತೇನೆ. ಒಂದು ಬಸುರಿತನಕ್ಕೆ ಸುಮಾರು 1000 ಮಿ.ಗ್ರಾಂ ಕಬ್ಬಿಣ ಬೇಕು, ಮಗುವಿಗೆ, ಮಾಸಿಗೆ, ಹೆಚ್ಚುವ ರಕ್ತಕ್ಕೆ ಎಲ್ಲಾ ಸೇರಿ. ತಿಂದದ್ದರಲ್ಲಿ ದೇಹ ಹೀರಿಕೊಳ್ಳುವುದು ಸ್ವಲ್ಪವೇ ಆದ್ದರಿಂದ ಬರೀ ಊಟದಲ್ಲಿ ಇದು ತುಂಬುವುದಿಲ್ಲ. ಊಟ ಬೇಕು, ಮಾತ್ರೆಯೂ ಬೇಕು.

ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅಂತ ರಕ್ತ ಕೊಡುವುದಿಲ್ಲ. ಬೀಟ್‌ರೂಟಿನಲ್ಲಿ 100 ಗ್ರಾಂಗೆ ಒಂದು ಮಿ.ಗ್ರಾಂ ಕಬ್ಬಿಣವೂ ಇಲ್ಲ. ತಿನ್ನಿ, ತಪ್ಪಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ಮಾತ್ರೆ ಬಿಡಬೇಡಿ.

ರಾಗಿಯ ಮಾತು ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಮುದ್ದೆ ಬಿಡಿ ಅಂದರೆ ಜಗಳಕ್ಕೇ ಬರುತ್ತಾರೆ, ಬಿಡಬೇಕಾಗಿಯೂ ಇಲ್ಲ. ರಾಗಿಯ ದೊಡ್ಡ ಆಸ್ತಿ ಕ್ಯಾಲ್ಸಿಯಂ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಕಬ್ಬಿಣವೂ ಇದೆ, ನಾಲ್ಕೈದು ಮಿ.ಗ್ರಾಂ, ಆದರೆ ರಾಗಿಯ ಸಿಪ್ಪೆಯಲ್ಲಿರುವ ಒಗರು ಅದನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಮುದ್ದೆ ಉಣ್ಣುವ ಹೊತ್ತಿಗೆ ಮಾತ್ರೆ ನುಂಗಬೇಡಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡಿಸಿದರೆ ಆ ಒಗರು ತಗ್ಗುತ್ತದೆ. ಅದರಲ್ಲಿ ಗಂಜಿ ಮಾಡಿಕೊಳ್ಳಿ.

ಮುದ್ದೆಯ ಪಕ್ಕ ಏನಿದೆ ಅನ್ನೋದನ್ನು ನೋಡಿ. ಹುರುಳಿಕಾಳು, ಅಲಸಂದೆ, ಹೆಸರುಕಾಳಿನ ಮೊಳಕೆ ಸಾರು, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಹೊಲದ ಬೆರಕೆ ಸೊಪ್ಪು. ಸಾರು ಒಲೆಯಿಂದ ಇಳಿಸಿ ತಟ್ಟೆಗೆ ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ಅದರ ಸಿ ವಿಟಮಿನ್ ಹೋಗುತ್ತದೆ. ಟೊಮೆಟೊ ಗೊಜ್ಜನ್ನು ಹಳೇ ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಹುಳಿಗೆ ಬಾಣಲೆಯ ಕಬ್ಬಿಣ ಸ್ವಲ್ಪ ಬಿಡುತ್ತದೆ, ಗೊಜ್ಜು ಒಂಚೂರು ಕಪ್ಪಗಾಗುತ್ತದೆ, ಅದೇ ಗುರುತು. ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ಕುರಿ, ಕೋಳಿ, ಮೀನಿನ ಕಬ್ಬಿಣ ಕಾಳು ಸೊಪ್ಪಿನದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಲಿವರ್ ಮಾತ್ರ ಬಸುರಿಗೆ ಬೇಡ, ಅದರಲ್ಲಿ ಎ ವಿಟಮಿನ್ ವಿಪರೀತ, ಬಾಣಂತನದಲ್ಲಿ ತಿನ್ನಬಹುದು.

ಊಟ ಆದ ಮೇಲೆ ಎಲೆ ಅಡಿಕೆ. ಗುಬ್ಬಿ, ತಿಪಟೂರು ಕಡೆಯವರು ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು. ಸುಣ್ಣ ಅಂದರೆ ಕ್ಯಾಲ್ಸಿಯಂ, ಅಡಿಕೆ ಅಂದರೆ ಒಗರು, ಎರಡೂ ಊಟದ ಕಬ್ಬಿಣಕ್ಕೆ ಅಡ್ಡ. ಅದಕ್ಕಿಂತ ದೊಡ್ಡ ಮಾತು, ಅಡಿಕೆ ಬಸುರಿಗೂ ಮಗುವಿಗೂ ಒಳ್ಳೆಯದಲ್ಲ. ಸೀಮಂತದ ತಟ್ಟೆಯಲ್ಲಿ ಇರಲಿ, ಬಾಯಲ್ಲಿ ಬೇಡ.

ಒಂದು ಗುಟ್ಟಿನ ವಿಷಯ. ಬಳಪ, ಹಸಿ ಅಕ್ಕಿ, ಒಲೆ ಮಣ್ಣು, ವಿಭೂತಿ ತಿನ್ನಬೇಕು ಅನ್ನಿಸುತ್ತಿದೆಯಾ? ನಾಚಿಕೆ ಪಡಬೇಡಿ. ನಾನು ಹಿತ್ತಲಲ್ಲಿ ನಿಂತು ಬಳಪ ಕಡಿದಿದ್ದೇನೆ, ಅದೂ ಅಕ್ಕನ ಮಗನ ಬ್ಯಾಗಿನಿಂದ ಕದ್ದು. ಅದನ್ನು ಬಯಕೆ ಅಂತ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಅದು ಕಬ್ಬಿಣ ಕಮ್ಮಿಯಾದ ಗುರುತು. ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಿ, ಕಬ್ಬಿಣ ಏರುತ್ತಿದ್ದ ಹಾಗೆ ಆ ಚಟವೂ ಹೋಗುತ್ತದೆ.

## ಹಂತ 6: ಜಂತುಹುಳದ ಮಾತ್ರೆ, ಒಂದೇ ಸಲ

ಮೂರು ತಿಂಗಳು ದಾಟಿದ ಮೇಲೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದು ಮಾತ್ರೆ ಕೊಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಬೇಡ. ಕೊಕ್ಕೆಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತಿದ್ದರೆ ನೀವು ಮೇಲಿಂದ ಎಷ್ಟು ಸುರಿದರೂ ತೂತು ಕೊಡವೇ. ಇದು ಬರಿಗಾಲಿನಿಂದ ಒಳಗೆ ಬರುತ್ತದೆ, ಹಾಗಾಗಿ ತೋಟಕ್ಕೆ ಹೊಲಕ್ಕೆ ಚಪ್ಪಲಿ ಹಾಕಿಕೊಂಡೇ ಹೋಗಿ.

## ಹಂತ 7: ನಾಲ್ಕು ವಾರಕ್ಕೆ ಮತ್ತೆ ಟೆಸ್ಟ್

ಸರಿಯಾಗಿ ನುಂಗಿದರೆ ತಿಂಗಳಿಗೆ ಕಮ್ಮಿ ಅಂದರೂ ಒಂದು ಅಂಕಿ ಏರಬೇಕು. 8.6 ಇದ್ದದ್ದು 9.6. ಅಷ್ಟು ಏರಿದರೆ ದಾರಿ ಸರಿಯಿದೆ, ಮುಂದುವರಿಸಿ. 11 ಮುಟ್ಟಿತು ಅಂತ ನಿಲ್ಲಿಸುವುದು ಇನ್ನೊಂದು ದೊಡ್ಡ ತಪ್ಪು. ಆಗ ರಕ್ತ ತುಂಬಿರುತ್ತದೆ, ದೇಹದ ಉಗ್ರಾಣ ಇನ್ನೂ ಖಾಲಿ.

ಏರದಿದ್ದರೆ ಕ್ಯಾಲೆಂಡರ್ ತೆಗೆದು ಗೀಟು ಎಣಿಸಿ. 30 ದಿನದಲ್ಲಿ 18 ಗೀಟು ಇದ್ದರೆ ಕಾರಣ ಸಿಕ್ಕಿತು. 28 ಇದ್ದೂ ಏರಿಲ್ಲ ಅಂದರೆ ಬೇರೆ ಏನೋ ಇದೆ, ಆ ಕ್ಯಾಲೆಂಡರನ್ನೇ ಡಾಕ್ಟರಿಗೆ ತೋರಿಸಿ. ಬಿ12 ಕಮ್ಮಿ ಇರಬಹುದು, ಮಾಂಸ ಮೊಟ್ಟೆ ತಿನ್ನದವರಲ್ಲಿ ಇದು ಜಾಸ್ತಿ. ಮೂಲವ್ಯಾಧಿಯಲ್ಲಿ ರಕ್ತ ಹೋಗುತ್ತಿರಬಹುದು, ಹೇಳಲು ನಾಚಿಕೆ ಅಂತ ಮುಚ್ಚಿಟ್ಟಿರುತ್ತೀರಿ. ತಲಸ್ಸೇಮಿಯಾದ (ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ) ಅಂಶ ಹುಟ್ಟಿನಿಂದಲೇ ಇರಬಹುದು. ಅದಕ್ಕೆ ಬೇರೆ ರಕ್ತಪರೀಕ್ಷೆ ಇದೆ, ನಿಮಗೆ ಇದೆ ಅಂತ ಬಂದರೆ ಗಂಡನಿಗೂ ಮಾಡಿಸಲೇಬೇಕು, ಇಬ್ಬರಲ್ಲೂ ಇದ್ದರೆ ಮಗುವಿಗೆ ತೊಂದರೆಯಾಗಬಹುದು.

ತಿಂಗಳು ತುಂಬುತ್ತಾ ಬಂದು ಇನ್ನೂ ಕಮ್ಮಿಯೇ ಇದ್ದರೆ ಕಬ್ಬಿಣದ ಡ್ರಿಪ್ ಹಾಕುತ್ತಾರೆ. ಐರನ್ ಸುಕ್ರೋಸ್ ಆದರೆ ದಿನ ಬಿಟ್ಟು ದಿನ ಕೆಲವು ಸಲ ಹೋಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000 ಮಿ.ಗ್ರಾಂವರೆಗೆ ಕೊಡಬಹುದು. ಇದನ್ನು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ, ಮನೆಗೆ ಬಂದು ಹಾಕುತ್ತೇನೆ ಅನ್ನುವವರ ಹತ್ತಿರ ಬೇಡ. ಹಾಕುವಾಗ ಮೈ ತುರಿಸಿದರೆ, ಉಸಿರು ಕಟ್ಟಿದ ಹಾಗಾದರೆ, ಸೂಜಿ ಜಾಗ ಉರಿದು ಊದಿದರೆ ತಕ್ಷಣ ಕೂಗಿ ಹೇಳಿ. ಸಂಕೋಚಕ್ಕೆ ಸುಮ್ಮನೆ ಮಲಗಿದರೆ ಔಷಧಿ ಚರ್ಮದಡಿ ಸೋರಿ ಕಲೆ ನಿಲ್ಲುತ್ತದೆ. ಡ್ರಿಪ್ ನಡೆಯುವ ದಿನಗಳಲ್ಲಿ ಕೆಂಪು ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿಕೊಳ್ಳಿ.

## ಇವು ಕಂಡರೆ ಟೆಸ್ಟಿಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ

ಸುಮ್ಮನೆ ಕೂತಿದ್ದರೂ ಏದುಸಿರು. ನಾಲ್ಕು ಹೆಜ್ಜೆಗೆ ಎದೆ ಡವಡವ. ಕಣ್ಣು ಕತ್ತಲೆ ಬಂದು ಬೀಳುವುದು. ಯಾವುದೇ ತಿಂಗಳಲ್ಲಿ ರಕ್ತ ಕಾಣಿಸುವುದು. ಮಗುವಿನ ಒದೆತ ಕಮ್ಮಿಯಾಗುವುದು. ಮುಖ, ಕೈ ಊದಿ, ತಲೆ ಸಿಡಿದು, ಕಣ್ಣು ಮಂಜಾಗುವುದು. ಕೊನೆಯದು ಬಿಪಿಯ ಲಕ್ಷಣ, ಅದನ್ನು "ರಕ್ತ ಕಮ್ಮಿ ಇದೆ ಅದಕ್ಕೇ ಸುಸ್ತು" ಅಂತ ಮನೆಯಲ್ಲಿ ಇಟ್ಟುಕೊಂಡು ಕೂರಬಾರದು.

## ಹಂತ 8: ತವರಿಗೆ ಹೊರಡುವಾಗ

ಇದನ್ನು ಯಾವ ಕಾರ್ಡಿನಲ್ಲೂ ಬರೆದಿರುವುದಿಲ್ಲ, ಆದರೆ ನಾನು ನೋಡಿದ ಮಟ್ಟಿಗೆ ಮಾತ್ರೆ ನಿಲ್ಲುವುದು ಸೀಮಂತದ ದಿನ. ಏಳನೇ ತಿಂಗಳು, ಹಸಿರು ಸೀರೆ, ಬಳೆ, ಐದು ಬಗೆ ಚಿತ್ರಾನ್ನ, ಕಾರು ಹತ್ತಿದರೆ ಮಾತ್ರೆ ಡಬ್ಬಿ ಅತ್ತೆ ಮನೆಯ ಶೆಲ್ಫಲ್ಲೇ ಉಳಿಯಿತು. ತವರಿನ ಊರಿನ ಆಶಾ ಅವರಿಗೆ ನೀವು ಬಂದದ್ದು ಗೊತ್ತಿಲ್ಲ. ಇಲ್ಲಿಯ ಆಶಾ ಅವರಿಗೆ ನೀವು ಹೋದದ್ದು ಗೊತ್ತು, ಆದರೆ ಅವರೇನು ಮಾಡಲಿಕ್ಕಾಗುತ್ತದೆ? ಒಂದೂವರೆ ತಿಂಗಳು ಯಾರ ಲೆಕ್ಕಕ್ಕೂ ಇಲ್ಲ.

ಹೊರಡುವ ಹಿಂದಿನ ದಿನ ಎಚ್‌ಬಿ ಟೆಸ್ಟ್ ಮಾಡಿಸಿ ಕಾರ್ಡಿನಲ್ಲಿ ಬರೆಸಿ. ಎರಡು ತಿಂಗಳ ಮಾತ್ರೆ ಇಸಿದುಕೊಳ್ಳಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಎರಡೂ ಡಬ್ಬಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಿ, ಡಿಕ್ಕಿಗೆ ಹಾಕಬೇಡಿ. ತವರಿಗೆ ಹೋದ ವಾರದೊಳಗೆ ಅಲ್ಲಿಯ ಆಶಾ ಮತ್ತು ಅಂಗನವಾಡಿಯಲ್ಲಿ ಹೆಸರು ಬರೆಸಿ. ಮಾತೃಪೂರ್ಣ ಯೋಜನೆಯ ಊಟ, ಮೊಟ್ಟೆ ಕೂಡ ಅಲ್ಲಿ ಕೇಳಿ.

## ಹಂತ 9: ಹೆರಿಗೆಯ ಮುಂಚೆ ಮತ್ತು ಆ ದಿನ

36ನೇ ವಾರದ ಹೊತ್ತಿಗೆ ಇನ್ನೊಂದು ಎಚ್‌ಬಿ. ಕಮ್ಮಿ ಇದ್ದರೆ ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಅಂತ ಈಗಲೇ ತೀರ್ಮಾನ ಮಾಡಿ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಇದೆ, ನೋವು ಶುರುವಾದ ಮೇಲೆ ಆ ದಾರಿ ಬಲು ಉದ್ದ. ನಿಮ್ಮ ರಕ್ತದ ಗುಂಪು ಕಾರ್ಡಿನ ಮೇಲೆ ದಪ್ಪಗೆ ಬರೆದಿರಲಿ. ರಕ್ತ ಕೊಡಬಲ್ಲ ಇಬ್ಬರು ಮೂವರ ಫೋನ್ ನಂಬರು ಗಂಡನ ಹತ್ತಿರವೂ ಅಪ್ಪನ ಹತ್ತಿರವೂ ಇರಲಿ. ನೆಗೆಟಿವ್ ಗುಂಪಾದರೆ ತಿಂಗಳು ಮುಂಚೆಯೇ ಹುಡುಕಿ.

ಎಚ್‌ಬಿ ಚೆನ್ನಾಗಿದ್ದವಳಿಗೆ ತಡೆಯಬಹುದಾದ ರಕ್ತಸ್ರಾವ, ಕಮ್ಮಿ ಇದ್ದವಳಿಗೆ ಪ್ರಾಣಕ್ಕೆ ಬರುತ್ತದೆ. ಇಷ್ಟು ತಿಂಗಳ ಗೀಟು ಹಾಕಿದ್ದು ಆ ಅರ್ಧ ಗಂಟೆಗೋಸ್ಕರ. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಬಿಗಿಯಾಗಲಿ ಅಂತ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ, ಬೇಡ ಅನ್ನಬೇಡಿ. ಮಗು ಚೆನ್ನಾಗಿ ಅತ್ತರೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುವುದು ಒಳ್ಳೆಯದು, ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿದು ಅದರ ಮೊದಲ ತಿಂಗಳುಗಳ ಕಬ್ಬಿಣಕ್ಕೆ ಆಗುತ್ತದೆ. ಚೆಕಪ್ ಹೊತ್ತಿನಲ್ಲೇ ಇದನ್ನು ಕೇಳಿಡಿ, ಹೆರಿಗೆ ಕೋಣೆಯಲ್ಲಿ ಯಾರಿಗೂ ಕೇಳುವ ತಾಳ್ಮೆ ಇರುವುದಿಲ್ಲ.

## ಹಂತ 10: ಬಾಣಂತನದ 180 ದಿನ

ಹೆರಿಗೆಯಾಯಿತು, ಮಾತ್ರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಇನ್ನೂ 180 ದಿನ ದಿನಕ್ಕೊಂದು ಕಬ್ಬಿಣ, ಜೊತೆಗೆ ಕ್ಯಾಲ್ಸಿಯಂ, ಅದೇ ಅಂತರದಲ್ಲಿ. ಹತ್ತರ ಸ್ಟ್ರಿಪ್ ಆದರೆ 18 ಸ್ಟ್ರಿಪ್. ಡಿಸ್ಚಾರ್ಜ್ ಆಗುವಾಗಲೇ ಕೇಳಿ ಇಸಿದುಕೊಳ್ಳಿ, ಮತ್ತು ಆಸ್ಪತ್ರೆ ಬಿಡುವ ಮುಂಚೆ ಎಚ್‌ಬಿ ಎಷ್ಟು ಅಂತಲೂ ಕೇಳಿ.

ಮನೆಯಲ್ಲಿ ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಸಾರು, ಬಿಸಿ ಅನ್ನ, ತುಪ್ಪ. ಒಳ್ಳೆಯದೇ. ಆದರೆ ಸೊಪ್ಪು ಶೀತ, ಹಣ್ಣು ಶೀತ, ಕಾಳು ವಾಯು, ನೀರು ಕುಡಿದರೆ ಹೊಟ್ಟೆ ಬರುತ್ತದೆ. ಹೀಗೆ ಕಳೆಯುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದು ಅನ್ನ ಮತ್ತು ಖಾರ. ರಕ್ತ ಹೋಗಿರುವ ಮೈಗೆ, ಹಾಲು ಕೊಡುವ ಮೈಗೆ ಅದು ಸಾಲದು. ನೀರು ಕಮ್ಮಿ ಕುಡಿದು ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಲ್ಲಾಗುತ್ತದೆ, ಹೊಲಿಗೆ ಹಾಕಿಸಿಕೊಂಡವಳಿಗೆ ಆ ಕಷ್ಟ ಹೇಳಬಾರದು. ಆಗ ಮಾತ್ರೆಯೇ ಬೇಡ ಅನ್ನಿಸುತ್ತದೆ.

ಅಮ್ಮನ ಜೊತೆ, ಅಜ್ಜಿಯ ಜೊತೆ ವಾದಕ್ಕೆ ನಿಂತರೆ ಗೆಲ್ಲುವುದಿಲ್ಲ. ನಾನು ಮಾಡಿದ್ದು ಇಷ್ಟೇ. ನುಗ್ಗೆ ಸೊಪ್ಪನ್ನು ಮೆಣಸು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಚೆನ್ನಾಗಿ ಬೇಯಿಸಿ ಕೊಡಮ್ಮಾ ಅಂದೆ, ಅದು "ಉಷ್ಣ" ಅಂತ ಅಜ್ಜಿಯೇ ಒಪ್ಪಿದರು. ನೀರನ್ನು ಜೀರಿಗೆ ಹಾಕಿ ಕಾಯಿಸಿ ಫ್ಲಾಸ್ಕಿಗೆ ತುಂಬಿಸಿಕೊಂಡೆ, ಬೆಚ್ಚಗಿದ್ದರೆ ಯಾರೂ ಲೆಕ್ಕ ಇಡುವುದಿಲ್ಲ. ನಿಂಬೆಹಣ್ಣು ಬೇಡ ಅಂದರು, ಬಿಸಿ ಸಾರಿಗೆ ನಾಲ್ಕು ಹನಿ ಹಿಂಡಿಕೊಂಡೆ. ಮಗುವಿಗೆ ಹಾಲು ಕುಡಿಸಲು ರಾತ್ರಿ ಏಳಲೇಬೇಕಲ್ಲ, ಹತ್ತೂವರೆಯ ಹಾಲಿಗೆ ಮಾತ್ರೆ ಗಂಟು ಹಾಕಿದೆ.

ಬಾಣಂತನದ ಎಚ್ಚರಿಕೆಗಳೂ ಇವೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವುದು, ನಿಂಬೆಹಣ್ಣಿನ ಗಾತ್ರದ ರಕ್ತದ ಗಡ್ಡೆ ಬೀಳುವುದು, ಜ್ವರ, ಕೆಟ್ಟ ವಾಸನೆಯ ಸ್ರಾವ. "ಕೆಟ್ಟ ರಕ್ತ ಹೋಗಲಿ ಬಿಡು" ಅನ್ನುವ ಮಾತು ಕೇಳಬೇಡಿ, ಹೋಗುತ್ತಿರುವುದು ಒಳ್ಳೆಯ ರಕ್ತವೇ. ಎರಡು ವಾರ ದಾಟಿದರೂ ಮಗುವನ್ನು ನೋಡಿದರೆ ಅಳು ಬರುತ್ತದೆ, ಏನೂ ಬೇಡ ಅನ್ನಿಸುತ್ತದೆ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ. ರಕ್ತ ಕಮ್ಮಿಯಿದ್ದವರಲ್ಲಿ ಸುಸ್ತು ಯಾವುದು, ಮನಸ್ಸಿನ ಭಾರ ಯಾವುದು ಅಂತ ಮನೆಯವರಿಗೆ ತಿಳಿಯುವುದಿಲ್ಲ.

ಆರನೇ ವಾರದ ಚೆಕಪ್ಪಿನಲ್ಲಿ ಇನ್ನೊಂದು ಎಚ್‌ಬಿ ಮಾಡಿಸಿ. ಮುಂದಿನ ಮಗುವಿಗೆ ಅಂತರದ ಮಾತೂ ಅವತ್ತೇ ಆಗಲಿ. ಕಾಪರ್-ಟಿ ಕೆಲವರಿಗೆ ಮುಟ್ಟಿನ ರಕ್ತ ಜಾಸ್ತಿ ಮಾಡುತ್ತದೆ, ಎಚ್‌ಬಿ ಕಮ್ಮಿ ಇದೆ ಅಂತ ಮೊದಲೇ ಹೇಳಿ ಬೇರೆ ಯಾವುದು ಆಗುತ್ತದೆ ಕೇಳಿ.

ಆರನೇ ತಿಂಗಳ ಹೊತ್ತಿಗೆ ಮಾತ್ರೆ ಇನ್ನೂ ಒಂದೆರಡು ಸ್ಟ್ರಿಪ್ ಉಳಿದಿರುತ್ತದೆ, ಮಗು ಹೊಟ್ಟೆ ಮೇಲೆ ತೆವಳಲು ಶುರು ಮಾಡಿರುತ್ತದೆ, ಸಿಕ್ಕಿದ್ದೆಲ್ಲಾ ಬಾಯಿಗೆ. ಕೆಂಪು ಮಾತ್ರೆ ನೋಡಲು ಪೆಪ್ಪರಮೆಂಟಿನ ಹಾಗಿದೆ. ಚಿಕ್ಕ ಮಕ್ಕಳು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ, ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸುತ್ತಾ ಕೂರದೆ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಬೇಕು. ಡಬ್ಬಿಯನ್ನು ಹಾಸಿಗೆ ಪಕ್ಕದಿಂದ ತೆಗೆದು ಮತ್ತೆ ಎತ್ತರದ ಶೆಲ್ಫಿಗೆ ಹಾಕಿ. ದೊಡ್ಡ ಮಗು ಇದ್ದರೆ ಆ ಶೆಲ್ಫಿನ ಕೆಳಗಿರುವ ಸ್ಟೂಲನ್ನೂ ತೆಗೆಯಿರಿ.